ಆರೇಳು ಡಾಲರ್ ಬಿಲ್‌ನಲ್ಲಿ 400 ಶಿಕ್ಷಕರು: ನನ್ನ ಅನುಭವ

ವಿಡಿಯೋ ಇಲ್ಲ, ಲೈವ್ ಕ್ಲಾಸ್ ಇಲ್ಲ, ಇದ್ಯಾವ ಸೀಮೆ ಶಿಕ್ಷಕರ ತರಬೇತಿ ಅಂತ ನಕ್ಕವರೇ ಜಾಸ್ತಿ. ಈಗ ಹೆಚ್ಚುಕಡಿಮೆ ಎರಡು ವರ್ಷದಿಂದ ಹಳ್ಳಿ ಶಾಲೆಗಳ ಸುಮಾರು 400 ಶಿಕ್ಷಕರಿಗೆ ಟೆಲಿಗ್ರಾಮ್‌ನಲ್ಲಿ ಸಣ್ಣ ಆಡಿಯೋಗಳ ಮೂಲಕ ಈ ತರಬೇತಿ ನಡೆಯುತ್ತಿದೆ. ಕ್ಲೌಡ್ ಬಿಲ್, ಅಂದರೆ ಬಾಡಿಗೆ ಸರ್ವರ್‌ನ ಖರ್ಚು, ತಿಂಗಳಿಗೆ ಆರೇಳು ಡಾಲರ್ ದಾಟಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರಂತೆ ಮೂಡಲ್ ಅನ್ನುವ ಆನ್‌ಲೈನ್ ಕೋರ್ಸ್ ತಂತ್ರಾಂಶ ಹಾಕಿದ್ದೆವು, 1 ಜಿಬಿ ರ‍್ಯಾಮ್‌ನ ಸರ್ವರ್ ಮೇಲೆ. ವಾರವೆಲ್ಲ ಖಾಲಿ ಖಾಲಿ. ರಜೆ ದಿನ ಸಂಜೆ ಎಲ್ಲರೂ ಒಟ್ಟಿಗೆ ಲಾಗಿನ್ ಆದರೋ, ಮೆಮೊರಿ ಸಾಲದೆ, ಸರ್ವರ್ ನಡೆಸುವ ಲಿನಕ್ಸ್ ವ್ಯವಸ್ಥೆಯೇ ನಮ್ಮ ಡೇಟಾಬೇಸನ್ನು ಕೊಂದು ಹಾಕುತ್ತಿತ್ತು. ಸ್ವಾಪ್ (ಡಿಸ್ಕ್‌ನ ಒಂದು ಭಾಗವನ್ನೇ ಮೆಮೊರಿಯಂತೆ ಬಳಸುವುದು) ಹಾಕಿದ ಮೇಲೆ ಸಾಯಲಿಲ್ಲ, ತೆವಳಿತು. ಮೂಡಲ್‌ದೇನೂ ತಪ್ಪಿಲ್ಲ ಬಿಡಿ, ನಮಗೆ ಅಷ್ಟು ದೊಡ್ಡದು ಬೇಕಿರಲಿಲ್ಲ. ಪಾಸ್‌ವರ್ಡ್ ಮರೆತವರ ಕರೆಗಳಲ್ಲೇ ನನ್ನ ಅರ್ಧ ದಿನ ಹೋಗುತ್ತಿತ್ತು.

ನಿಜವಾದ ಪೆಟ್ಟು ಕೊಟ್ಟದ್ದು ವಿಡಿಯೋ. ಹತ್ತು ನಿಮಿಷದ್ದು ಒಂದಕ್ಕೆ 100 ಎಂಬಿ ಹತ್ತಿರ, ವಾರಕ್ಕೆ ಎರಡು. ಸಿಗ್ನಲ್ ಹೋಗಿ ಅರ್ಧಕ್ಕೆ ನಿಂತದ್ದನ್ನು ಮತ್ತೆ ಮೊದಲಿಂದ ಇಳಿಸಿಕೊಳ್ಳುವುದು ಬೇರೆ. ಹೊರಗೆ ಹೋಗುವ ಡೇಟಾಕ್ಕೆ ಜಿಬಿಗೆ 9 ಸೆಂಟ್ ಲೆಕ್ಕದಲ್ಲಿ ಒಂದು ತಿಂಗಳು 50 ಡಾಲರ್ ಬಿಲ್ ಬಂತು. ಅದನ್ನು ಹೇಗೋ ಕಟ್ಟಬಹುದು, ಆದರೆ ಆ ಕಡೆ ಶಿಕ್ಷಕರು ಕೈಯಿಂದ ಡೇಟಾ ಪ್ಯಾಕ್ ಹಾಕಿಸಿಕೊಳ್ಳುತ್ತಿದ್ದರಲ್ಲ, ಆ ಖರ್ಚು ನಮ್ಮ ಯಾವ ಲೆಕ್ಕದಲ್ಲೂ ಇರಲಿಲ್ಲ.

ಕೊನೆಗೆ ಎಲ್ಲ ಕಿತ್ತುಹಾಕಿ ಟೆಲಿಗ್ರಾಮ್ ಬಾಟ್‌ಗೆ, ಅಂದರೆ ಚಾಟ್‌ನಲ್ಲಿ ತಾನೇ ಮೆಸೇಜ್ ಕಳಿಸುವ ಪ್ರೋಗ್ರಾಮ್‌ಗೆ, ಬಂದೆವು. ಪಾಠ ಮಾಡುವ ವಿಧಾನವನ್ನು ಆರು ನಿಮಿಷದ ಆಡಿಯೋ ಮಾಡಿ, ಓಪಸ್ ಅನ್ನುವ ಆಡಿಯೋ ಫಾರ್ಮ್ಯಾಟ್‌ನಲ್ಲಿ, ಮೋನೋದಲ್ಲಿ, ಸೆಕೆಂಡಿಗೆ 16 ಕಿಲೋಬಿಟ್‌ಗೆ ಇಳಿಸಿದರೆ ಮುಕ್ಕಾಲು ಎಂಬಿಯೂ ಆಗಲ್ಲ. ಮಾತಿಗೆ ಅಷ್ಟು ಸಾಕು, ಇಳಿಸುವ ಮುಂಚೆ ಧ್ವನಿಯ ಮಟ್ಟ ಮಾತ್ರ ಸಮ ಮಾಡಿಕೊಳ್ಳಿ. ಇನ್ನೊಂದು ಲಾಭ: ಫೈಲನ್ನು ಒಂದು ಸಲ ಅಪ್‌ಲೋಡ್ ಮಾಡಿದರೆ ಅದರ ಫೈಲ್ ಐಡಿ ಸಿಗುತ್ತದೆ, ಆಮೇಲೆ ಎಲ್ಲರಿಗೂ ಆ ಐಡಿಯಲ್ಲೇ ಕಳಿಸಬಹುದು. ನಮ್ಮ ಸರ್ವರ್‌ನಿಂದ ಮತ್ತೆ ಡೇಟಾ ಹೊರಗೆ ಹೋಗುವುದೇ ಇಲ್ಲ! ಡೇಟಾಬೇಸ್ ಅಂದರೆ ಒಂದು ಎಸ್‌ಕ್ಯೂಲೈಟ್ ಫೈಲ್ (ಇಡೀ ಡೇಟಾಬೇಸ್ ಒಂದೇ ಫೈಲ್‌ನಲ್ಲಿ), ರಾತ್ರಿ ಆಬ್ಜೆಕ್ಟ್ ಸ್ಟೋರೇಜ್‌ಗೆ, ಅಂದರೆ ಫೈಲ್ ಇಡುವ ಕ್ಲೌಡ್ ಜಾಗಕ್ಕೆ, ಬ್ಯಾಕಪ್. ಬಾಟ್ ಓಡುತ್ತಿರುವಾಗ ಆ ಫೈಲನ್ನು ಸುಮ್ನೆ ಕಾಪಿ ಮಾಡಬೇಡಿ, ಅದರದ್ದೇ ಬ್ಯಾಕಪ್ ಕಮಾಂಡ್ ಇದೆ.

ನಡುವೆ ಇನ್ನೂ ಕೆಲವು ಆಟ ಆಡಿದೆವು. ಕೊಲಿಬ್ರಿ ಅನ್ನುವ ಆಫ್‌ಲೈನ್ ಕಲಿಕಾ ತಂತ್ರಾಂಶ ಹಾಕಿದ ಸಣ್ಣ ಬೋರ್ಡ್ ಕಂಪ್ಯೂಟರ್‌ಗಳನ್ನು ಕೆಲವು ಶಾಲೆಗಳಲ್ಲಿ ಇಟ್ಟೆವು. ಇಂಟರ್ನೆಟ್ ಇಲ್ಲದೇ ಚೆನ್ನಾಗಿ ನಡೆಯುತ್ತದೆ, ಆದರೆ ಕರೆಂಟ್ ಹೋಗಿ ಹೋಗಿ ಮೆಮೊರಿ ಕಾರ್ಡ್‌ಗಳು ಕೆಟ್ಟವು. ಶಿಕ್ಷಕರು ಧ್ವನಿಯಲ್ಲಿ ಕಳಿಸುವ ಪ್ರಶ್ನೆಗಳನ್ನು ವಿಸ್ಪರ್ ಅನ್ನುವ, ಮಾತನ್ನು ಬರಹ ಮಾಡುವ ಎಐ ತಂತ್ರಾಂಶದಿಂದ ಬರಹಕ್ಕೆ ಇಳಿಸಲು ನೋಡಿದೆ. 1 ಜಿಬಿ ರ‍್ಯಾಮ್‌ಗೆ ಉಸಿರು ಕಟ್ಟಿತು, ಹಿಂದೆ ಮಕ್ಕಳ ಗಲಾಟೆ ಇದ್ದರಂತೂ ಏನೇನೋ ಬರೆಯುತ್ತಿತ್ತು.

ಈಗ ಆ ಪ್ರಶ್ನೆಗಳನ್ನು ಅನುಭವಿ ಶಿಕ್ಷಕರೇ ಕೇಳಿಸಿಕೊಂಡು, ಧ್ವನಿಯಲ್ಲೇ ಉತ್ತರ ಕೊಡುತ್ತಾರೆ. ಅವರ ಗೌರವಧನದ ಮುಂದೆ ಕ್ಲೌಡ್ ಬಿಲ್ ಏನೇನೂ ಅಲ್ಲ, ಬಜೆಟ್ ಬರೆಯುವವರು ಇದನ್ನು ಮೊದಲೇ ಸೇರಿಸಿಕೊಳ್ಳಿ. ಒಂದೇ ತರದ ಪ್ರಶ್ನೆಗಳನ್ನು ಬಾಟ್ ಹೇಗೆ ಗುಂಪು ಮಾಡುತ್ತದೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ, ಅದಕ್ಕೆ ಬಹಳ ರಾತ್ರಿ ನಿದ್ದೆಗೆಟ್ಟಿದ್ದೇನೆ!

ಮಾಡಿ ನೋಡುವವರು ಎಲ್ಲರಿಗೂ ಕಳಿಸುವಾಗ ಸೆಕೆಂಡಿಗೆ 30 ಮೆಸೇಜ್‌ಗಿಂತ ಕೆಳಗೇ ಇರಿ, ಅದಕ್ಕಿಂತ ಜಾಸ್ತಿ ಆದರೆ ಟೆಲಿಗ್ರಾಮ್ ತಡೆಯುತ್ತದೆ. ನಾನು 20ಕ್ಕೆ ಇಟ್ಟಿದ್ದೇನೆ, 400 ಜನಕ್ಕೆ ಅರ್ಧ ನಿಮಿಷವೂ ಬೇಡ.