ನಮ್ಮ ಬೋರ್ಡಿಗೆ ಕೋಡ್ ಬರೆಯದವರನ್ನು ಕರೆತಂದಿದ್ದು

ಶಿವಮೊಗ್ಗದಲ್ಲಿ ಕೂತು ಸಾಫ್ಟ್‌ವೇರ್ ಮಾಡ್ತೀವಿ ಅಂದ್ರೆ ಈಗ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಆದರೆ “ಇವತ್ತು ಬೋರ್ಡ್ ಮೀಟಿಂಗ್ ಇದೆ” ಅಂದರೆ ಇವತ್ತಿಗೂ ನಗುತ್ತಾರೆ. ಬೋರ್ಡ್ ಅಂದರೆ ಕಂಪನಿಯ ದೊಡ್ಡ ತೀರ್ಮಾನಗಳನ್ನು ಮಾಡುವ ಡೈರೆಕ್ಟರುಗಳ ಮಂಡಳಿ. “ಇರೋ ನಾಲ್ಕು ಜನಕ್ಕೆ ಬೋರ್ಡ್ ಬೇರೆ ಕೇಡು” ಅಂತ ನನ್ನ ಭಾವನೇ ಒಮ್ಮೆ ಅಂದಿದ್ದುಂಟು. ಸಣ್ಣ ಕಂಪನಿಗೆ ಹೊರಗಿನ ಡೈರೆಕ್ಟರುಗಳು ಯಾಕೆ, ಅವರನ್ನು ಹೇಗೆ ಆರಿಸಿದಿರಿ ಅಂತ ಊರಿನ ಹೊಸ ಹುಡುಗರು ಆಗಾಗ ಕೇಳುತ್ತಾರೆ. ಅದಕ್ಕೇ ನಾವು ಮಾಡಿದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ. ಅಡಿಕೆ ಮಂಡಿಗಳಿಗೂ ಸಹಕಾರ ಸಂಘಗಳಿಗೂ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಸವಳಂಗ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಶುರು ಮಾಡಿದ್ದು ನಾನು ಮತ್ತು ನನ್ನ ಕ್ಲಾಸ್‌ಮೇಟ್. ಇಬ್ಬರೂ ಇಂಜಿನಿಯರುಗಳು. 2013ರ ಕಂಪನಿ ಕಾಯ್ದೆ ಪ್ರಕಾರ ಪ್ರೈವೇಟ್ ಕಂಪನಿಗೆ ಇಬ್ಬರು ಡೈರೆಕ್ಟರುಗಳಿದ್ದರೆ ಸಾಕು. ಸ್ವತಂತ್ರ ಡೈರೆಕ್ಟರ್, ಅಂದರೆ ಮಾಲೀಕರ ಜೊತೆ ನಂಟಿಲ್ಲದ ಹೊರಗಿನವರು, ಇರಲೇಬೇಕು ಅನ್ನುವ ನಿಯಮ ನಮ್ಮಂಥವರಿಗೆ ಇಲ್ಲ. ಹಾಗಾಗಿ ಬೋರ್ಡ್ ಅಂದರೆ ನಾವಿಬ್ಬರೇ ಆಗಿದ್ದೆವು.

ತೊಡಕು ಏನಂದ್ರೆ, ಇಬ್ಬರ ತಲೆಯೂ ಒಂದೇ ಕಡೆ ಓಡುತ್ತಿತ್ತು. ಗಿರಾಕಿ ದುಡ್ಡು ಕೊಡುತ್ತಿಲ್ಲವಾ? ನೆನಪಿಸುವ ಎಸ್‌ಎಂಎಸ್ ಹಾಕೋಣ. ಹೊಸ ಗಿರಾಕಿ ಸಿಗುತ್ತಿಲ್ಲವಾ? ಇನ್ನೊಂದು ರಿಪೋರ್ಟ್ ಸೇರಿಸೋಣ. ಏನೇ ಕೇಳಿದರೂ ಉತ್ತರ ಕೀಬೋರ್ಡಿನಲ್ಲೇ ಇರುತ್ತಿತ್ತು. ಅಷ್ಟರಲ್ಲಿ ದೊಡ್ಡ ಸಂಘಗಳ ಜೊತೆ ಮಾತು ಶುರುವಾಯಿತು. ಅವರು ಡೆಮೋ ನೋಡುವ ಮೊದಲೇ “ನಿಮ್ಮ ಕಂಪನಿಯಲ್ಲಿ ಯಾರ್ಯಾರಿದ್ದಾರೆ?” ಅಂತ ಕೇಳುತ್ತಿದ್ದರು. ನಮ್ಮ ಲೆಕ್ಕಪತ್ರ ಇವರ ಕೈಗೆ ಕೊಡಬಹುದಾ ಅನ್ನುವುದು ಅವರ ಚಿಂತೆ. ನ್ಯಾಯವೇ ಅಲ್ವಾ?

ಯಾರನ್ನಾದರೂ ಸೇರಿಸಿಕೊಳ್ಳಬೇಕು ಅಂದ ಕೂಡಲೇ ಎಲ್ಲರೂ ಹೆಸರು ಹೇಳತೊಡಗಿದರು. ಯಾರೋ ನಿವೃತ್ತ ದೊಡ್ಡ ಅಧಿಕಾರಿ, ಇನ್ಯಾರೋ ಬೆಂಗಳೂರಿನ ವೈಸ್ ಪ್ರೆಸಿಡೆಂಟ್, ಅಮೆರಿಕದಲ್ಲಿ ನೆಲೆಸಿದ ತೀರ್ಥಹಳ್ಳಿ ಕಡೆಯವರೊಬ್ಬರು. ನಾವು ಹೆಸರುಗಳನ್ನು ಪಕ್ಕಕ್ಕಿಟ್ಟೆವು. ಮುಂದಿನ ಎರಡು ವರ್ಷದಲ್ಲಿ ತೀರ್ಮಾನ ಮಾಡಲೇಬೇಕಾದ ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಬ್ಯಾಂಕ್ ಸಾಲ ತರಬೇಕಾ ಬೇಡ್ವಾ, ಮಂಡಿಯವರಿಗೆ ವರ್ಷಕ್ಕೆ ಎಷ್ಟು ದರ, ಯಾವ ಥರದ ಸಂಘಗಳ ಹಿಂದೆ ಹೋಗಬೇಕು, ಸಪೋರ್ಟಿಗೆ ಊರೂರಿಗೆ ಹುಡುಗರನ್ನು ಇಡಬೇಕಾ ಅಥವಾ ಫೋನಿನಲ್ಲೇ ಆಗುತ್ತಾ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಬರೆದೆವು: ಇಂಥ ತೀರ್ಮಾನ ಮಾಡಿ ಅದರ ಫಲ ಉಂಡವರು ಯಾರು?

ಹಾಗೆ ನೋಡಿದಾಗ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವು ತಾವಾಗಿ ಬಿದ್ದುಹೋದವು.

ಸಾಫ್ಟ್‌ವೇರ್ ಕಂಪನಿ ಬೋರ್ಡಿನಲ್ಲಿ ಎಲ್ಲರೂ ಸಾಫ್ಟ್‌ವೇರಿನವರೇ ಇರುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇನ್ಫೋಸಿಸ್ ಬೋರ್ಡಿನಲ್ಲಿ ವರ್ಷಗಟ್ಟಲೆ ಇದ್ದ ಕಿರಣ್ ಮಜುಂದಾರ್ ಶಾ ಓದಿದ್ದು ಬಿಯರ್ ತಯಾರಿಕೆ, ಕಟ್ಟಿದ್ದು ಔಷಧಿ ಕಂಪನಿ. ಅಲ್ಲೇ 2017ರಲ್ಲಿ ಸೇರಿದ ಡಿ. ಸುಂದರಂ ಅದಕ್ಕೆ ಮೊದಲು ಹಿಂದೂಸ್ತಾನ್ ಯೂನಿಲಿವರ್‌ನಲ್ಲಿ ಹಣಕಾಸು ನೋಡಿಕೊಂಡಿದ್ದವರು. ಶೇರುಪೇಟೆಯಲ್ಲಿರುವ ಕಂಪನಿಗಳು ಬೋರ್ಡಿಗೆ ಯಾವ ಯಾವ ಪರಿಣತಿ ಬೇಕು, ಅದು ಯಾವ ಡೈರೆಕ್ಟರಿಗಿದೆ ಅಂತ ವಾರ್ಷಿಕ ವರದಿಯಲ್ಲಿ ಪಟ್ಟಿ ಕೊಡಬೇಕು ಅನ್ನುವುದು ಶೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ನಿಯಮ. ಆ ಪಟ್ಟಿಗಳನ್ನು ಸುಮ್ನೆ ಕೂತು ಓದಿದರೂ ಒಂದಷ್ಟು ತಿಳಿಯುತ್ತದೆ. ಹಾಗಂತ ಪಟ್ಟಿ ನೋಡಿ ಮರುಳಾಗಲೂಬಾರದು.

ಯಾಕಂದ್ರೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಕಥೆ ಇದೆ. 2008ರ ಕೊನೆಯಲ್ಲಿ ಅದರ ಬೋರ್ಡಿನಲ್ಲಿ ಹಾರ್ವರ್ಡ್ ಪ್ರೊಫೆಸರ್ ಕೃಷ್ಣ ಪಾಲೇಪು ಇದ್ದರು, ಪೆಂಟಿಯಂ ಚಿಪ್‌ನಿಂದ ಹೆಸರಾದ ವಿನೋದ್ ಧಾಮ್ ಇದ್ದರು, ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಆರ್. ಪ್ರಸಾದ್ ಇದ್ದರು. ಇದಕ್ಕಿಂತ ದೊಡ್ಡ ಹಿನ್ನೆಲೆ ಎಲ್ಲಿ ಸಿಗಬೇಕು? ಡಿಸೆಂಬರ್ 16ರಂದು ಸತ್ಯಂ ಕಟ್ಟಿದ ರಾಜು ಮನೆತನದ್ದೇ ಆದ ಎರಡು ಮೇಟಾಸ್ ಕಂಪನಿಗಳನ್ನು ಕೊಳ್ಳಲು ಆ ಬೋರ್ಡ್ ಒಪ್ಪಿತು. ಶೇರುದಾರರು ರೇಗಿದ ಮೇಲೆ ಕೈಬಿಟ್ಟರು. 2009ರ ಜನವರಿ 7ರಂದು ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಅವರ ಪತ್ರ ಬಂತು. ಲೆಕ್ಕದ ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ನಗದು ಮತ್ತು ಬ್ಯಾಂಕಿನ ಹಣದಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ಅದರಲ್ಲಿತ್ತು.

ನನಗೆ ಆಮೇಲಿನ ಭಾಗ ಹೆಚ್ಚು ಉಪಯೋಗಕ್ಕೆ ಬಂತು. ಸರ್ಕಾರ ಹಳೇ ಬೋರ್ಡ್ ತೆಗೆದು ಹೊಸಬರನ್ನು ಹಾಕಿತಲ್ಲ, ಅವರು ಯಾರು ನೋಡಿ. ಗೃಹಸಾಲದ ಸಂಸ್ಥೆ ಬೆಳೆಸಿದ ದೀಪಕ್ ಪಾರೇಖ್, ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಂ ನಡೆಸಿದ್ದ ಕಿರಣ್ ಕಾರ್ಣಿಕ್, ಶೇರುಪೇಟೆ ಕಾನೂನು ಬಲ್ಲ ಸಿ. ಅಚ್ಯುತನ್. ಆಮೇಲೆ ಚಾರ್ಟರ್ಡ್ ಅಕೌಂಟೆಂಟ್ ಟಿ.ಎನ್. ಮನೋಹರನ್, ಎಲ್‌ಐಸಿಯ ಎಸ್.ಬಿ. ಮೈನಾಕ್, ಉದ್ಯಮಿಗಳ ಒಕ್ಕೂಟ ಸಿಐಐನ ತರುಣ್ ದಾಸ್. ಸಂಬಳಕ್ಕೆ ಸಾಲ ಹುಟ್ಟಿಸಬೇಕಿತ್ತು, ಗಿರಾಕಿಗಳನ್ನು ಉಳಿಸಿಕೊಳ್ಳಬೇಕಿತ್ತು, ಲೆಕ್ಕ ಹೊಸದಾಗಿ ಬರೆಸಬೇಕಿತ್ತು. ಒಂದೊಂದು ಕೆಲಸಕ್ಕೂ ಆ ಕೆಲಸ ಗೊತ್ತಿದ್ದವರೇ ಇದ್ದರು. ಏಪ್ರಿಲ್ ಹೊತ್ತಿಗೆ ಟೆಕ್ ಮಹೀಂದ್ರ ಕಂಪನಿಯನ್ನು ಕೊಂಡಿತು. ನಮ್ಮ ಹಾಳೆಯನ್ನು ಹಾಗೆ ಬರೆಯುವ ಯೋಚನೆ ಬಂದಿದ್ದೇ ಇದನ್ನು ಓದಿದ ಮೇಲೆ.

ನಮಗೆ ಸಿಕ್ಕ ಮೊದಲನೆಯವರು ಸಾಗರದ ಕಡೆಯವರು. ಸಹಕಾರ ಸಂಘಗಳ ಲೆಕ್ಕಪರಿಶೋಧನೆ ಮಾಡಿ ನಿವೃತ್ತರಾದವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಆಡಿಟ್ ಸಾಹೇಬ್ರು ಅಂತಲೇ ಕರೆಯುವುದು. ಕಂಪ್ಯೂಟರಿಗೆ ಅವರು ದೂರ. ಮೀಟಿಂಗಿಗೆ ಈಗಲೂ ಬೈಂಡ್ ಮಾಡಿಸಿದ ನೋಟ್‌ಬುಕ್ ಹಿಡಿದು ಬರುತ್ತಾರೆ. ಮೊದಲ ಸಲ ಬಂದಾಗ ನಾನು ಪ್ರೊಜೆಕ್ಟರಿನಲ್ಲಿ ಬಣ್ಣಬಣ್ಣದ ಗ್ರಾಫ್ ತೋರಿಸಿದೆ. ಬ್ಯಾಂಕಿನಲ್ಲಿ ಎಷ್ಟಿದೆ, ಬರಬೇಕಾದ್ದು ಎಷ್ಟು, ಎಲ್ಲ. ಅವರು ಕನ್ನಡಕ ಮೇಲೆತ್ತಿ ಕೇಳಿದರು:

“ಈ ಬ್ಯಾಂಕಿನ ಅಂಕಿ ಬ್ಯಾಂಕ್ ಕೊಟ್ಟಿದ್ದೋ, ನಿಮ್ಮ ಕಂಪ್ಯೂಟರ್ ಕೊಟ್ಟಿದ್ದೋ?”

“ನಮ್ಮ ಟ್ಯಾಲಿಯಿಂದ ತೆಗೆದಿದ್ದು ಸಾರ್.”

“ಹಾಗಾದ್ರೆ ಇದು ನೀವು ಹೇಳೋ ಮಾತು. ಬ್ಯಾಂಕಿನವರು ಹೇಳಿದ್ದು ತೋರಿಸಿ.”

ಸಂಘದ ಕಾರ್ಯದರ್ಶಿ ಕೊಟ್ಟ ಪಾಸ್‌ಬುಕ್ ನಂಬದೆ, ಖಾತೆಯಲ್ಲಿ ಎಷ್ಟಿದೆ ಅನ್ನುವ ದೃಢೀಕರಣ ಪತ್ರವನ್ನು ಬ್ಯಾಂಕಿನಿಂದಲೇ ನೇರವಾಗಿ ತರಿಸುವುದು ಅವರ ಹಳೇ ಅಭ್ಯಾಸ. ಈಗ ನಮ್ಮ ಪ್ರತಿ ಮೀಟಿಂಗ್ ಆ ಕಾಗದದಿಂದಲೇ ಶುರುವಾಗುತ್ತದೆ. ಅದಾದ ಮೇಲೆ ಗಿರಾಕಿಗಳಿಂದ ಬರಬೇಕಾದ ಬಾಕಿ ಪಟ್ಟಿ. ಆರು ತಿಂಗಳು ದಾಟಿದ ಬಾಕಿಗಳಿಗೆ ಅವರು ಕೆಂಪು ಪೆನ್ನಿನಲ್ಲಿ ಗೆರೆ ಹಾಕುತ್ತಾರೆ. “ಇದು ಬರೋದಲ್ಲ, ಬರಬಹುದೇನೋ ಅಂತ ನೀವು ಕನಸು ಕಾಣೋದು” ಅನ್ನುತ್ತಾರೆ. ಸತ್ಯಂ ಎಲ್ಲಿ, ನಮ್ಮ ಮಹಡಿ ಆಫೀಸು ಎಲ್ಲಿ. ಆದರೆ ಕೇಳಬೇಕಾದ ಪ್ರಶ್ನೆ ಅದೇ.

ಅವರಿಂದ ದೊಡ್ಡ ಲಾಭ ಆಗಿದ್ದು ಬೇರೆ ವಿಷಯದಲ್ಲಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೇ ನಮ್ಮ ಮುಂದಿನ ಮಾರುಕಟ್ಟೆ ಅಂತ ನಾವು ಲೆಕ್ಕ ಹಾಕಿದ್ದೆವು. ಅವರು ಬೇಡ ಅಂದರು. “ಆ ಸಂಘಗಳಿಗೆ ಇವತ್ತಲ್ಲ ನಾಳೆ ಸರ್ಕಾರದ್ದೇ ಸಾಫ್ಟ್‌ವೇರ್ ಬರುತ್ತೆ. ಪಟ್ಟಣದ ಪತ್ತಿನ ಸಂಘ, ಸೌಹಾರ್ದ ಸಹಕಾರಿ ಇವುಗಳ ಕಡೆ ಹೋಗಿ.” 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎಲ್ಲಾ ಸಂಘಕ್ಕೂ ಒಂದೇ ಸಾಫ್ಟ್‌ವೇರ್. ಇಲಾಖೆಯಲ್ಲಿ ಕೂದಲು ಹಣ್ಣಾದವರಿಗೆ ಮಾತ್ರ ಇಂಥ ಗಾಳಿ ಮೊದಲೇ ಬಡಿಯುತ್ತದೆ.

ಎರಡನೆಯವರು ಎಪಿಎಂಸಿ ಯಾರ್ಡಿನಲ್ಲಿ ಮನೆಯವರ ಜೊತೆ ಮಂಡಿ ನಡೆಸುವವರು. ನಾವು ಅಕ್ಕ ಅಂತೇವೆ. ಬೆಳೆಗಾರರಿಗೆ ಮುಂಗಡ ಕೊಡುವುದು, ಮಾಲು ಬಂದಾಗ ಬಡ್ಡಿ ಲೆಕ್ಕ ಹಾಕಿ ಮುರಿದುಕೊಳ್ಳುವುದು, ವ್ಯಾಪಾರಿಯ ಹತ್ತಿರ ದುಡ್ಡು ವಸೂಲಿ ಮಾಡುವುದು, ಇದರಲ್ಲೇ ಇಷ್ಟು ವರ್ಷ ಕಳೆದವರು. ನಮ್ಮ ವಾರ್ಷಿಕ ಶುಲ್ಕದ ಬಿಲ್ಲು ಜುಲೈನಲ್ಲಿ ಹೋಗುತ್ತಿತ್ತು. ಅವರು ನಕ್ಕುಬಿಟ್ಟರು. “ಮಳೆಗಾಲದಲ್ಲಿ ಮಂಡಿಯವರ ಹತ್ರ ದುಡ್ಡು ಕೇಳ್ತೀರಲ್ಲ ಮಾರಾಯ್ರೇ, ಎಲ್ಲಾ ಮುಂಗಡಕ್ಕೆ ಹೋಗಿರುತ್ತೆ. ಹೊಸ ಅಡಿಕೆ ಬಂದ ಮೇಲೆ ಕಳಿಸಿ.” ಬಿಲ್ಲಿನ ತಿಂಗಳು ಬದಲಾಯಿತು. ಎಸ್‌ಎಂಎಸ್ ಫೀಚರ್ ಮಾಡದಿದ್ದ ಕೆಲಸವನ್ನು ಅದು ಮಾಡಿತು. ಇನ್ನೊಂದು ಸಲ ಮಾಲು ನಮೂದಿಸುವ ಸ್ಕ್ರೀನ್ ನೋಡಿ, ಗೊರಬಲು, ಬೆಟ್ಟೆ, ರಾಶಿ, ಸರಕು ಅಂತ ಅಡಿಕೆಯ ಬಗೆಗಳನ್ನು ಅಕ್ಷರ ಕ್ರಮದಲ್ಲಿ ಇಟ್ಟಿದ್ದೇಕೆ ಅಂತ ಕೇಳಿದರು. “ನಮ್ಮಲ್ಲಿ ಜಾಸ್ತಿ ಬರೋದು ರಾಶಿ. ಅದು ಮೇಲಿರಲಿ. ಗುಮಾಸ್ತನ ಬೆರಳಿಗೂ ನೋವಾಗುತ್ತೆ.” ಇದು ಬೋರ್ಡಿನಲ್ಲಿ ಆಡುವ ಮಾತಲ್ಲ, ಗೊತ್ತು. ಆದರೂ ಮೀಟಿಂಗಿನ ನಡಾವಳಿ, ಅಂದರೆ ಮಿನಿಟ್ಸ್‌ನಲ್ಲಿ ಬರೆದುಕೊಂಡೆವು.

ಅಕ್ಕನ ಮಂಡಿ ನಮ್ಮ ಗಿರಾಕಿಯೂ ಹೌದು. ಇಲ್ಲಿ ಹುಷಾರಾಗಿರಬೇಕು. ಡೈರೆಕ್ಟರ್ ಆದವರು ತಮಗೆ ಯಾವ ಯಾವ ಸಂಸ್ಥೆಗಳಲ್ಲಿ ಹಿತಾಸಕ್ತಿ ಇದೆ ಅಂತ ಎಂಬಿಪಿ-1 ಫಾರಂನಲ್ಲಿ ಬರೆದುಕೊಡಬೇಕು. ಪ್ರೈವೇಟ್ ಕಂಪನಿಯಲ್ಲಿ ಹಾಗೆ ತಿಳಿಸಿದ ಮೇಲೆ ಅವರು ಚರ್ಚೆಯಲ್ಲಿ ಕೂರಬಹುದು, ಕಾನೂನು ಬಿಡುತ್ತದೆ. ನಾವು ಮಾತ್ರ ಮಂಡಿ ದರದ ವಿಷಯ ಬಂದಾಗ ಅವರು ಹೊರಗೆ ಹೋಗಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಅವರೇ ಎದ್ದು “ನಾನು ಕೆಳಗೆ ಹೋಗಿ ಮಾತ್ರೆ ತಗೊಂಡು ಬರ್ತೀನಿ” ಅಂತ ಮೆಟ್ಟಿಲಿಳಿಯುತ್ತಾರೆ.

ಮೂರನೆಯವರು ಬೆಂಗಳೂರಿನಲ್ಲಿ ಕಸ್ಟಮರ್ ಸಪೋರ್ಟ್ ತಂಡ ನಡೆಸಿ, ಈಗ ಹೊಸನಗರದ ತೋಟಕ್ಕೆ ವಾಪಸ್ ಬಂದವರು. ಫೋನ್ ಸಪೋರ್ಟ್ ಹೇಗೆ ಕಟ್ಟಬೇಕು ಅಂತ ಹೇಳಿಕೊಟ್ಟಿದ್ದು ಅವರೇ. ವಿಡಿಯೋದಲ್ಲಿ ಮೀಟಿಂಗಿಗೆ ಬರಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಆಷಾಢದಲ್ಲಿ ಹೊಸನಗರದ ಕರೆಂಟು ಕಾಯ್ದೆ ಕೇಳುವುದಿಲ್ಲ.

ಒಪ್ಪಿಸುವ ಮೊದಲು ಮಾಡಿದ ಪರಿಶೀಲನೆ ಬಗ್ಗೆ ಎರಡು ಮಾತು. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ತಾಣದಲ್ಲಿ ಆ ವ್ಯಕ್ತಿ ಬೇರೆ ಯಾವ ಕಂಪನಿಗಳಲ್ಲಿ ಡೈರೆಕ್ಟರ್ ಅಂತ ಸಿಗುತ್ತದೆ. ಅದರಲ್ಲಿ ಯಾವುದಾದರೂ ಕಂಪನಿ ಸತತ ಮೂರು ವರ್ಷ ವಾರ್ಷಿಕ ಲೆಕ್ಕ ಸಲ್ಲಿಸದಿದ್ದರೆ ಅವರು ಅನರ್ಹರು. 2017ರಲ್ಲಿ ಹೀಗೆ ಮೂರು ಲಕ್ಷಕ್ಕೂ ಹೆಚ್ಚು ಡೈರೆಕ್ಟರುಗಳು ಅನರ್ಹರಾದರು. ಎಷ್ಟೋ ಜನಕ್ಕೆ ತಮ್ಮ ಹೆಸರು ಅದರಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಅದು ಸರಿಯಿದ್ದರೆ ಡಿನ್, ಅಂದರೆ ಡೈರೆಕ್ಟರುಗಳಿಗೆ ಕೊಡುವ ಗುರುತಿನ ನಂಬರ್, ಡಿಐಆರ್-2 ಫಾರಂನಲ್ಲಿ ಅವರ ಒಪ್ಪಿಗೆ, ನೇಮಕವಾದ 30 ದಿನದೊಳಗೆ ಅದನ್ನು ಸರ್ಕಾರಕ್ಕೆ ತಿಳಿಸುವ ಡಿಐಆರ್-12 ಫಾರಂ. ಉಳಿದದ್ದು ಕಂಪನಿ ಸೆಕ್ರೆಟರಿ ನೋಡಿಕೊಳ್ಳುತ್ತಾರೆ. ಡೈರೆಕ್ಟರ್ ಅಂದರೆ ಕಾನೂನಿನ ಹೊಣೆ ಇದೆ, ಬರೀ ಸಲಹೆ ಕೊಡುವ ಕುರ್ಚಿ ಅಲ್ಲ ಅಂತ ಅವರ ಮನೆಯವರ ಎದುರೇ ಬಿಡಿಸಿ ಹೇಳಿ. ನಾವು ಕೇಳಿದ ಒಬ್ಬರು ಅದನ್ನು ಕೇಳಿ, “ಸಲಹೆ ಎಷ್ಟು ಬೇಕಾದ್ರೂ ಕೊಡ್ತೀನಿ, ಸಹಿ ಮಾತ್ರ ಬೇಡ” ಅಂದರು. ಈಗಲೂ ಫೋನ್ ಮಾಡಿದರೆ ಸಲಹೆ ಕೊಡುತ್ತಾರೆ.

ಗಿರಾಕಿಗಳಿಗೆ ಕೊಡುವ ಪರಿಚಯ ಪತ್ರದಲ್ಲಿ ಬೋರ್ಡಿನವರ ಬಗ್ಗೆ ಬರೆಯಲು ಸಾಕಷ್ಟು ತಿಣುಕಾಡಿದೆವು. ಮೊದಲ ಕರಡಿನಲ್ಲಿ “ಸಹಕಾರ ಕ್ಷೇತ್ರದಲ್ಲಿ ಅಪಾರ ಅನುಭವ ಹೊಂದಿರುವ” ಅಂತಿತ್ತು. ಸನ್ಮಾನ ಪತ್ರದ ಹಾಗೆ. ಆಡಿಟ್ ಸಾಹೇಬ್ರೇ ಅದನ್ನು ಹೊಡೆದುಹಾಕಿದರು. ಈಗ ಇರುವುದು ಇಷ್ಟು: “ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿದವರು. ಕಂಪನಿಯಲ್ಲಿ ಬ್ಯಾಂಕ್ ತಾಳೆ ಮತ್ತು ಬಾಕಿ ವಸೂಲಿ ನೋಡುತ್ತಾರೆ.” ಅಕ್ಕನ ಪರಿಚಯದಲ್ಲಿ ಅವರ ಮಂಡಿ ನಮ್ಮ ಗಿರಾಕಿ ಅನ್ನುವುದನ್ನೂ ಬರೆದಿದ್ದೇವೆ. ಯಾರೋ ಕೇಳಿ ತಿಳಿಯುವುದಕ್ಕಿಂತ ನಾವೇ ಹೇಳುವುದು ಮೇಲು. ಒಂದು ಸಂಘದ ಅಧ್ಯಕ್ಷರು ಆ ಸಾಲು ಓದಿದ ಮೇಲೆ ಅಕ್ಕನಿಗೇ ಫೋನ್ ಮಾಡಿ ಸಾಫ್ಟ್‌ವೇರ್ ಹೇಗಿದೆ ಅಂತ ವಿಚಾರಿಸಿದರಂತೆ.

ಸಣ್ಣ ಕಂಪನಿಗೆ ಅರ್ಧ ವರ್ಷಕ್ಕೊಂದರಂತೆ ವರ್ಷಕ್ಕೆ ಎರಡು ಮೀಟಿಂಗ್ ಮಾಡಿದರೂ ನಡೆಯುತ್ತದೆ, ನಡುವೆ ಕನಿಷ್ಠ 90 ದಿನ ಇರಬೇಕು ಅಷ್ಟೆ. ನಾವು ನಾಲ್ಕು ಮಾಡುತ್ತೇವೆ. ಕಾಗದಪತ್ರ ಒಂದು ವಾರ ಮೊದಲೇ ಕೈಗೆ ಸೇರಬೇಕು. ಮೀಟಿಂಗಿಗೆ ಬಂದು ಕೂತದ್ದಕ್ಕೆ ಡೈರೆಕ್ಟರುಗಳಿಗೆ ಕೊಡುವ ಸಿಟ್ಟಿಂಗ್ ಫೀ ಒಂದು ಮೀಟಿಂಗಿಗೆ ಒಂದು ಲಕ್ಷದವರೆಗೆ ಕೊಡಬಹುದು ಅಂತ ಕಾಯ್ದೆಯಲ್ಲಿದೆ. ನಮ್ಮದು ಪೆಟ್ರೋಲು, ಊಟ, ಮೇಲೊಂದಿಷ್ಟು.

ಈಗ ಹಾಳೆಯಲ್ಲಿ ಹೊಸ ಸಾಲು ಸೇರಿದೆ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂತು. ದಂಡ 250 ಕೋಟಿವರೆಗೂ ಹೋಗಬಹುದು. ಸಂಘಗಳ ಸದಸ್ಯರ ಆಧಾರ್, ಫೋನ್ ನಂಬರ್ ಎಲ್ಲ ನಮ್ಮ ಸರ್ವರಿನಲ್ಲಿ ಇರುತ್ತದೆ. ಹೊರಗಿನಿಂದ ಬಂದ ಈ ಮೂವರಲ್ಲಿ ಆ ಕೆಲಸ ಮಾಡಿದವರು ಯಾರೂ ಇಲ್ಲ. ಬ್ಯಾಂಕೊಂದರಲ್ಲಿ ಮಾಹಿತಿ ಭದ್ರತೆ ನೋಡಿಕೊಂಡಿದ್ದ ಭದ್ರಾವತಿಯ ಮೇಡಂ ಒಬ್ಬರ ಜೊತೆ ಮಾತು ನಡೆದಿದೆ. ಬರುವ ಮೀಟಿಂಗಿಗೆ ಅವರು ಅತಿಥಿಯಾಗಿ ಬಂದು ಕೂರಲಿದ್ದಾರೆ. ಸರ್ವರಿಗೆ ಯಾರ್ಯಾರ ಪಾಸ್‌ವರ್ಡ್ ಇದೆ ಅನ್ನುವ ಪಟ್ಟಿಯನ್ನು ಈಗಾಗಲೇ ಕೇಳಿದ್ದಾರೆ. ಅದನ್ನು ತಯಾರು ಮಾಡುತ್ತಾ ಕೂತಿದ್ದೇವೆ.