ಬಾಲದ ಒಂದು ಗ್ರಾಂ, ಮೂತಿಯ ಮೂರು ಗ್ರಾಂ

ನನ್ನ ಮೊದಲ ಟೈಗರ್ ಮಾತ್ ಮಾದರಿ ವಿಮಾನ ಹಾರಲಿಲ್ಲ, ಬಿತ್ತು. ಕೈಬಿಟ್ಟ ಮೇಲೆ ನಾಲ್ಕು ಮಾರು ದೂರದಲ್ಲಿ ಮೂತಿ ಎತ್ತಿ, ಒಂದು ಕ್ಷಣ ಗಾಳಿಯಲ್ಲಿ ನಿಂತು, ಬಾಲ ಮುಂದಾಗಿ ನೆಲಕ್ಕೆ ಕೂತಿತು. ಹಳೇ ಕಾಲದ ದಪ್ಪ 5 ರೂಪಾಯಿ ನಾಣ್ಯವೊಂದನ್ನು ಮೂತಿಗೆ ಟೇಪಿನಿಂದ ಅಂಟಿಸಿದೆ. ಸಮತೋಲಕ್ಕೆ ಬಂತು. ಆ ನಾಣ್ಯದ ತೂಕ 9 ಗ್ರಾಂ. ಮಾದರಿ ಅಷ್ಟರಲ್ಲಾಗಲೇ 52 ಗ್ರಾಂ ತೂಗುತ್ತಿತ್ತು, ಈಗ 61. ಮತ್ತೆ ಬಿಟ್ಟೆ. ನೆಟ್ಟಗೇನೋ ಹೋಯಿತು, ಆದರೆ ಎಸೆದ ಚಪ್ಪಲಿ ಹೋಗುವ ಹಾಗೆ.

ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ಬಾಲ್ಸಾ ಎಂಬ ಹಗುರ ಮರದ ಹಲಗೆಯಲ್ಲಿ ಕೈ ಎಸೆತದ ಗ್ಲೈಡರ್ ಮಾಡಿದ್ದೆ. ಆ ಧೈರ್ಯದ ಮೇಲೆ ಸೀದಾ ಜೋಡಿ ರೆಕ್ಕೆಯ ಬೈಪ್ಲೇನಿಗೆ ಕೈ ಹಾಕಿದ್ದು ತಪ್ಪು. ಹಗುರವಾದ ಒಂಟಿ ರೆಕ್ಕೆಯದನ್ನು ಮೊದಲು ಮಾಡು ಅಂತ ಹೇಳಿದವರಿದ್ದರು. ಕೇಳಲಿಲ್ಲ. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್‌ನಲ್ಲೇ ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಾಟದ ಅ ಆ ಇ ಈ ಕಲಿತದ್ದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರ ತಂಡ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2, 1951ರಲ್ಲಿ ಹಾರಿ, ಮುಂದೆ ಇದರ ಜಾಗಕ್ಕೆ ಬಂತು. ಬೆಂಗಳೂರಿನವನಾಗಿ ಎಚ್‌ಟಿ-2 ಮಾಡಬೇಕಿತ್ತೇನೋ. ಆದರೆ ಎರಡಂತಸ್ತಿನ ರೆಕ್ಕೆ, ನಡುವೆ ಕಂಬ, ತಂತಿ ಇವೆಲ್ಲ ಕಣ್ಣಿಗೆ ಕಟ್ಟಿದ್ದವು.

ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್. ಇಪ್ಪತ್ತರಲ್ಲಿ ಒಂದು ಅಳತೆಗೆ ಇಳಿಸಿದರೆ ಸುಮಾರು 45 ಸೆಂ.ಮೀ. ಪ್ರೊಪೆಲ್ಲರ್ ತಿರುಗಿಸುವ ರಬ್ಬರ್ ಸುತ್ತಿ ಬಿಟ್ಟರೆ ತಾನಾಗಿ ಹಾರಬೇಕು, ರಿಮೋಟ್ ಇಲ್ಲ.

ಮೊದಲನೆಯದು ಕೆಟ್ಟದ್ದು ಎಲ್ಲಿ ಅಂತ ಹುಡುಕಲು ದೊಡ್ಡ ವಿದ್ಯೆ ಬೇಕಿರಲಿಲ್ಲ. ಚಿನ್ನ ತೂಗುವಂಥ ಪುಟ್ಟ ತಕ್ಕಡಿಯೊಂದನ್ನು ತಂದು ಬಾಲವನ್ನು ಕತ್ತರಿಸಿ ತೂಗಿದೆ. 4.3 ಗ್ರಾಂ! ಈ ವಿಮಾನದ ಮೂತಿ ಮೊಂಡು, ಬಾಲ ಉದ್ದ. ಸಮತೋಲದ ಬಿಂದುವಿನಿಂದ ಬಾಲ 24 ಸೆಂ.ಮೀ. ಹಿಂದೆ, ಭಾರ ಕೂರಿಸಲು ಮುಂದೆ ಸಿಗುವುದು 8 ಸೆಂ.ಮೀ. ಮಾತ್ರ. ಬಾಲದಲ್ಲಿ ಒಂದು ಗ್ರಾಂ ಜಾಸ್ತಿಯಾದರೆ ಮೂತಿಗೆ ಮೂರು ಗ್ರಾಂ ದಂಡ ಕಟ್ಟಬೇಕು. ಬಾಲದಲ್ಲಿ ನಾನು ಹೆಚ್ಚಿಗೆ ತುಂಬಿದ್ದು 3 ಗ್ರಾಂ. ನಾಣ್ಯ 9 ಗ್ರಾಂ. ಲೆಕ್ಕ ಪೈಸೆಗೆ ಪೈಸೆ ತಾಳೆ ಬಿತ್ತು.

ಎರಡನೆಯದನ್ನು ಬಾಲದಿಂದಲೇ ಶುರು ಮಾಡಿದೆ.

ಅದಕ್ಕೂ ಮೊದಲು ಮರ. ಬಾಲ್ಸಾ ಎಂದರೆ ಎಲ್ಲವೂ ಹಗುರ ಅನ್ನುವುದು ಸುಳ್ಳು. 1.5 ಮಿ.ಮೀ. ದಪ್ಪ, 75 ಮಿ.ಮೀ. ಅಗಲ, ಮೂರಡಿ ಉದ್ದದ ಹಾಳೆಗಳನ್ನು ಸಾಲಾಗಿ ತೂಗಿದರೆ ಒಂದು 10 ಗ್ರಾಂ, ಪಕ್ಕದ್ದು 17. ಬೆಲೆ ಒಂದೇ, ಬಣ್ಣವೂ ಹೆಚ್ಚು ಕಡಿಮೆ ಒಂದೇ. ಅಂಗಡಿಯವರು ಮುಖ ಸಿಂಡರಿಸಿದರೂ ತಕ್ಕಡಿ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಆಮೇಲೆ ಎಳೆ ನೋಡಬೇಕು. ಮೀನಿನ ಹುರುಪೆಯಂಥ ಚುಕ್ಕೆ ಮಿನುಗುವ ಹಾಳೆ ಅಡ್ಡಕ್ಕೆ ಬಾಗುವುದಿಲ್ಲ, ಬಾಗಿಸಿದರೆ ಸೀಳುತ್ತದೆ. ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಿಗೆ, ಅಂದರೆ ರಿಬ್ಬುಗಳಿಗೆ, ಅದೇ ಸರಿ. ಉದ್ದುದ್ದ ಗೆರೆಯ ಹಾಳೆ ಸುಲಭವಾಗಿ ಸುರುಳಿಯಾಗುತ್ತದೆ. ಮೂತಿಯ ದುಂಡಗಿನ ಹೊದಿಕೆಗೆ ಅದು. 0.8 ಮಿ.ಮೀ. ಹಾಳೆಯಲ್ಲಿ ಕತ್ತರಿಸಿದ 40 ರಿಬ್ಬುಗಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿದಾಗ 1.2 ಗ್ರಾಂ ಬಂತು. ಫ್ಯಾನ್ ಹಾಕಿದ್ದ ಹೆಂಡತಿಗೆ ಅವತ್ತು ಬೈದದ್ದು ನನ್ನದೇ ತಪ್ಪು. ಅರ್ಧ ರಿಬ್ಬುಗಳು ಸೋಫಾ ಕೆಳಗೆ ಸಿಕ್ಕವು.

ಟೈಗರ್ ಮಾತ್‌ನ ಬಾಲದ ಅಂಚೆಲ್ಲ ದುಂಡು. ಮೊದಲ ಸಲ ಅದನ್ನು ಹಲಗೆಯಿಂದ ತುಂಡು ತುಂಡಾಗಿ ಕತ್ತರಿಸಿ ಜೋಡಿಸಿದ್ದೆ. ಜೋಡಿಸಿದಲ್ಲೆಲ್ಲ ಗೋಂದು, ಗೋಂದಿದ್ದಲ್ಲೆಲ್ಲ ತೂಕ. ಈ ಸಲ ರಟ್ಟಿನಲ್ಲಿ ಅಂಚಿನ ಒಳ ಆಕಾರ ಕತ್ತರಿಸಿ, ಅದರ ಬದಿಗೆ ಮೇಣದ ಬತ್ತಿ ಉಜ್ಜಿದೆ, ಗೋಂದು ಹಿಡಿಯದಿರಲಿ ಅಂತ. 0.8 ಮಿ.ಮೀ. ದಪ್ಪದ ಕಡ್ಡಿಗಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿದರೆ ಶಾವಿಗೆಯಂತೆ ಬಳುಕುತ್ತವೆ. ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲ್ ಸವರಿ, ಎರಡು ಕಡ್ಡಿ ಸೇರಿಸಿ, ರಟ್ಟಿನ ಸುತ್ತ ನಿಧಾನಕ್ಕೆ ಎಳೆದು ಗುಂಡುಸೂಜಿಗಳ ಆಸರೆ ಕೊಟ್ಟೆ. ಸೂಜಿಯನ್ನು ಕಡ್ಡಿಗೆ ಚುಚ್ಚಬಾರದು, ಪಕ್ಕಕ್ಕೆ ಒತ್ತಿ ನಿಲ್ಲಿಸಬೇಕು. ರಾತ್ರಿಯಿಡೀ ಒಣಗಿದ ಮೇಲೆ ಬಿಡಿಸಿದರೆ ಬಳೆಯ ಚೂರಿನ ಹಾಗೆ ಆಕಾರ ಹಿಡಿದು ನಿಂತಿತ್ತು. ಬೆರಳಲ್ಲಿ ಒತ್ತಿದರೆ ಮರಳಿ ಪುಟಿಯುತ್ತಿತ್ತು. ಅಡ್ಡಪಟ್ಟಿಗಳನ್ನೆಲ್ಲ ಸೇರಿಸಿ, ಕಾಗದ ಹೊದಿಸಿ ಮುಗಿಸಿದಾಗ ಇಡೀ ಬಾಲ 1.3 ಗ್ರಾಂ.

ಒಡಲಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ನಕ್ಷೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಎರಡು ಬದಿಗಳನ್ನು ಒಂದರ ಮೇಲೊಂದು ಕಟ್ಟಿ, ಅಡ್ಡಕಡ್ಡಿಗಳಿಂದ ಪೆಟ್ಟಿಗೆ ಮಾಡುವುದು. ಸೂಪರ್ ಗ್ಲೂ ಹತ್ತಿರ ಸೇರಿಸಲಿಲ್ಲ, ಅಷ್ಟೆ. ತಪ್ಪು ತಿದ್ದಲು ಅದು ಅವಕಾಶವನ್ನೇ ಕೊಡುವುದಿಲ್ಲ.

ರೆಕ್ಕೆಗಳ ಜೋಡಣೆ ಮಾತ್ರ ವಾರ ತಿಂದಿತು. ಅಸಲಿಯಲ್ಲಿ ಮುಂದಿನ ಆಸನ ಮೇಲಿನ ರೆಕ್ಕೆಯ ಅಡಿಗೇ ಬರುತ್ತಿತ್ತು. ಪ್ಯಾರಾಚೂಟ್ ಕಟ್ಟಿಕೊಂಡವರು ಹೊರಗೆ ಹಾರಲು ಜಾಗ ಬೇಕೆಂದು ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ತಳ್ಳಿದರು. ಅದರಿಂದ ಸಮತೋಲ ಕೆಟ್ಟಿದ್ದಕ್ಕೆ ರೆಕ್ಕೆಗಳನ್ನು ಹಿಂದಕ್ಕೆ ಓರೆ ಮಾಡಿದರು. ಆ ಓರೆಯೇ ಈ ವಿಮಾನದ ಚೆಂದ, ಮಾದರಿ ಮಾಡುವವನಿಗೆ ತಲೆನೋವು. ಮೇಲಿನ ರೆಕ್ಕೆ ಒಂದು ಕೋನದಲ್ಲಿ, ಕೆಳಗಿನದು ಇನ್ನೊಂದರಲ್ಲಿ ಕೂತರೆ ಎತ್ತು ಏರಿಗೆ, ಕೋಣ ನೀರಿಗೆ. ಶೂ ಡಬ್ಬದ ರಟ್ಟಿನಲ್ಲಿ ನಾಲ್ಕು ಗೋಡೆ ಕತ್ತರಿಸಿ, ಎರಡೂ ರೆಕ್ಕೆಗಳು ಒರಗುವಂತೆ ಕಿಂಡಿ ಮಾಡಿ, ಅದರೊಳಗಿಟ್ಟೇ ಕಂಬಗಳನ್ನು ಅಂಟಿಸಿದೆ. ಮುಂದಿರುವ ಮೇಲಿನ ರೆಕ್ಕೆಗೆ ಅರ್ಧ ಡಿಗ್ರಿ ಹೆಚ್ಚು ಕೋನ ಕೊಟ್ಟೆ. ಮೂತಿ ತೀರಾ ಎದ್ದಾಗ ಅದು ಮೊದಲು ಎತ್ತುವ ಬಲ ಕಳೆದುಕೊಂಡು ಸೋಲುತ್ತದೆ, ಮೂತಿ ತಾನಾಗಿ ತಗ್ಗುತ್ತದೆ. ತಂತಿಗಳ ಬದಲು ಬೂದು ಬಣ್ಣದ ಹೊಲಿಗೆ ದಾರ. ನೋಟಕ್ಕಷ್ಟೇ, ಬಿಗಿಯಾಗಿ ಎಳೆದರೆ ರೆಕ್ಕೆ ತಿರುಚುತ್ತದೆ.

ಹೊದಿಕೆಗೆ ಮೊದಲ ಸಲ ಗಾಳಿಪಟದ ಕಾಗದ ಹಾಕಿದ್ದೆ. ಭಾರ, ನೀರು ಸೋಕಿದರೆ ಬಣ್ಣ ಬಿಡುತ್ತದೆ. ಎರಡನೆಯದಕ್ಕೆ ಹಳದಿ ಜಪಾನಿ ಟಿಶ್ಯೂ. ಚದರ ಮೀಟರಿಗೆ 13 ಗ್ರಾಂ ಆಸುಪಾಸು. ಕಾಗದವೇ ಹಳದಿ, ಆದ್ದರಿಂದ ಪೇಂಟ್ ಬೇಡ. ಅಂಚಿಗೆ ಗ್ಲೂ ಸ್ಟಿಕ್ ಸವರಿ ಕೂರಿಸಿ, ಮೇಲೆ ನೀರಿನ ತುಂತುರು ಹಾಯಿಸಿದರೆ ಒಣಗುತ್ತಾ ತಮಟೆಯಂತೆ ಬಿಗಿಯುತ್ತದೆ. ಬಿಗಿಯುವಾಗ ರೆಕ್ಕೆಯನ್ನು ಹಲಗೆಗೆ ಒತ್ತಿಡದಿದ್ದರೆ ಹಪ್ಪಳವಾಗುತ್ತದೆ. ಕಾಗದವನ್ನು ಬಿಗಿಗೊಳಿಸಿ ಗಟ್ಟಿ ಮಾಡುವ ಡೋಪ್ ಎಂಬ ಲೇಪದ ಬದಲಿಗೆ ಮರಗೆಲಸದವರ ಎನ್‌ಸಿ ಲ್ಯಾಕರ್, ಅಷ್ಟೇ ಥಿನ್ನರ್, ನಾಲ್ಕು ಹನಿ ಹರಳೆಣ್ಣೆ. ಹರಳೆಣ್ಣೆ ಹಾಕದಿದ್ದರೆ ದಿನ ಕಳೆದಂತೆ ಕಾಗದ ಇನ್ನೂ ಬಿಗಿದು ಕಡ್ಡಿಗಳನ್ನೇ ಬಗ್ಗಿಸುತ್ತದೆ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಹಚ್ಚಿ, ಮೇಲಿನ ರೆಕ್ಕೆ ವಿಭೂತಿ ಬಳಿದಂತೆ ಬೆಳ್ಳಗಾಯಿತು. ಬಿಸಿಲು ಬಂದ ದಿನ ಬರೀ ಥಿನ್ನರ್ ಸವರಿದ ಮೇಲೆ ತಿಳಿಯಾಯಿತು.

ರಬ್ಬರ್ ಬಿಟ್ಟು ಒಟ್ಟು ತೂಕ 31 ಗ್ರಾಂ. ಮೂತಿಗೆ ಎರಡು ಗ್ರಾಂ ಜೇಡಿ ಸಾಕಾಯಿತು. 15 ಸೆಂ.ಮೀ. ಪ್ಲಾಸ್ಟಿಕ್ ಪ್ರೊಪೆಲ್ಲರ್ ಭಾರ ಅಂತ ಗೊಣಗುತ್ತಿದ್ದೆ. ಮೂತಿಯಲ್ಲಿರುವ ಭಾರ ಕೂಲಿ ಕೇಳದೆ ದುಡಿಯುತ್ತದೆ ಅಂತ ಆಮೇಲೆ ತಿಳಿಯಿತು.

ಸೈಕಲ್ ಟ್ಯೂಬ್ ಸೀಳಿದ ಪಟ್ಟಿ ಇದಕ್ಕೆ ನಡೆಯುವುದಿಲ್ಲ, ಪ್ರಯತ್ನ ಪಡಬೇಡಿ. ಮಾದರಿಗೆಂದೇ ಬರುವ 3 ಮಿ.ಮೀ. ರಬ್ಬರಿನ ಎರಡು ಕುಣಿಕೆ, 45 ಸೆಂ.ಮೀ. ಉದ್ದ. ಒಳಗಿನ ಜಾಗ ಅದರ ಅರ್ಧ. ಸುಮ್ಮನೆ ಹಾಕಿದರೆ ಸಡಿಲ ರಬ್ಬರ್ ಬಾಲದ ಕಡೆ ಗುಪ್ಪೆಯಾಗಿ ಸಮತೋಲ ಕೆಡಿಸುತ್ತದೆ. ಅದಕ್ಕೆ ಜಡೆ ಹಾಕಿದಂತೆ ಹೆಣೆಯಬೇಕು. ಸುತ್ತುವಾಗ ಮೂರು ನಾಲ್ಕು ಪಟ್ಟು ಎಳೆದು ಹಿಡಿದು, ಸುತ್ತುತ್ತಾ ಹತ್ತಿರ ಬರಬೇಕು. ಒಮ್ಮೆ ಒಳಗೇ ಕಿತ್ತು, ಎಡಬದಿಯ ಮೂರು ಕಡ್ಡಿ ಪುಡಿಯಾದವು. ಅಪ್ಪನ ಹಳೇ ಎಕ್ಸ್‌ರೇ ಫಿಲ್ಮನ್ನು ಕೊಳವೆ ಮಾಡಿ ಒಳಗೆ ತೂರಿಸಿ, ಅದರೊಳಗೇ ರಬ್ಬರ್ ಸುತ್ತುವುದು ಅಲ್ಲಿಂದ ರೂಢಿಯಾಯಿತು.

ಹಾರಿಸಲು ಗುಬ್ಬಿ ಕಡೆಯ ನಮ್ಮೂರಿಗೆ ಹೋದೆ. ಜನವರಿ, ರಾಗಿ ಕೊಯ್ದ ಹೊಲ, ಬೆಳಗ್ಗೆ ಆರೂವರೆ. ಎಲೆ ಅಲ್ಲಾಡುತ್ತಿರಲಿಲ್ಲ. ಮೊದಲು ರಬ್ಬರ್ ಸುತ್ತದೆ ತೇಲಿಬಿಟ್ಟೆ. 100 ಸುತ್ತಿಗೆ ಸರಿ ಹೋಯಿತು. 200 ಸುತ್ತಿಗೆ ಮೂತಿ ಎತ್ತಿ ಮುಗ್ಗರಿಸಿತು. ಪ್ರೊಪೆಲ್ಲರ್ ಕೂರುವ ಮೂತಿಯ ಬಿಲ್ಲೆಯ ಮೇಲಂಚಿಗೆ 1 ಮಿ.ಮೀ. ಚಕ್ಕೆ ಇಟ್ಟು ಪ್ರೊಪೆಲ್ಲರನ್ನು ಕೆಳಮುಖ ಮಾಡಿದೆ. ಆಮೇಲೆ ಎಡಕ್ಕೆ ಸುರುಳಿ ಸುತ್ತಿ ಇಳಿಯತೊಡಗಿತು; ಎಡಬದಿಗೂ ಒಂದು ಚಕ್ಕೆ. ಪ್ರತಿ ಸಲ ಒಂದೇ ತಿದ್ದುಪಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೂ ತಿಳಿಯದು.

ಬದುವಿನ ಮೇಲೆ ಟವೆಲ್ ಹೊದ್ದು ಕೂತಿದ್ದ ಪಕ್ಕದ ಹೊಲದ ಅಜ್ಜ ಕೇಳಿದರು: "ರಿಮೋಟು ಎಲ್ಲಪ್ಪಾ?"

"ಇಲ್ಲ ತಾತ, ತಾನೇ ಹೋಗುತ್ತೆ."

"ಎಲ್ಲಿಗೋಗ್ತೈತೆ ಅಂತ ನಿಂಗೂ ಗೊತ್ತಿಲ್ಲ ಅನ್ನು."

400 ಸುತ್ತು ಹಾಕಿ ಬಿಟ್ಟೆ. ಕೈಯಿಂದ ಜಾರಿದ್ದೇ ಬಲಕ್ಕೆ ದೊಡ್ಡ ವೃತ್ತ ಹಿಡಿದು ಏರಿತು. ಹಲಸಿನ ಮರದ ಎತ್ತರ ದಾಟಿದಾಗ ಎಳೆ ಬಿಸಿಲು ಎರಡೂ ರೆಕ್ಕೆಗಳ ಮೂಲಕ ಹಾಯ್ದು ರಿಬ್ಬುಗಳ ನೆರಳು ಎಣಿಸುವಷ್ಟು ಸ್ಪಷ್ಟ ಕಂಡವು. ರಬ್ಬರ್ ಮುಗಿದು ಪ್ರೊಪೆಲ್ಲರ್ ನಿಂತ ಮೇಲೆ ಸದ್ದಿಲ್ಲದೆ ಇಳಿದು ರಾಗಿ ಕೂಳೆಗೆ ಸಿಕ್ಕಿ ಪಲ್ಟಿ ಹೊಡೆಯಿತು. 34 ಸೆಕೆಂಡು. ಅಜ್ಜ ಬದುವಿನಿಂದ ಎದ್ದು ನನಗಿಂತ ಮೊದಲೇ ಅಲ್ಲಿಗೆ ತಲುಪಿದ್ದರು.

ಬಾಲದ ಕಡ್ಡಿ ಮುರಿದಿತ್ತು. ಅಲ್ಲೇ ಕೂತು ಗೋಂದು ಹಾಕಿ ಟಿಶ್ಯೂ ತೇಪೆ ಹಚ್ಚಿದೆ. ಬೆಂಗಳೂರಿಗೆ ಬಂದು ತೂಗಿದರೆ 0.3 ಗ್ರಾಂ ಹೆಚ್ಚಾಗಿದೆ. ಮೂತಿಗೆ ಇನ್ನೊಂದು ಗ್ರಾಂ ಜೇಡಿ ಮೆತ್ತಬೇಕು.