ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಯಾವ ಲೇನ್ ಯಾರಿಗೆ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹೊಸದಾಗಿ ಗಾಡಿ ಇಳಿಸುವವರು ಇದನ್ನೊಮ್ಮೆ ಓದಿ.

ಮುಖ್ಯ ರಸ್ತೆಯಲ್ಲಿ ಒಂದೊಂದು ದಿಕ್ಕಿಗೆ ಮೂರು ಲೇನ್ ಇವೆ. ಬಲಗಡೆಯ ಲೇನ್ ಓವರ್‌ಟೇಕ್ ಮಾಡಲು ಮಾತ್ರ. ಮುಂದಿನ ಗಾಡಿ ದಾಟಿದ ಮೇಲೆ ಮಧ್ಯದ ಲೇನ್‌ಗೆ ವಾಪಸ್ ಬನ್ನಿ. ನೂರರಲ್ಲಿ ಹೋಗ್ತಿದ್ದೀನಿ ಅಂತ ಅಲ್ಲೇ ಕೂರಬೇಡಿ. ಲಾರಿ, ಬಸ್‌ಗಳ ಜಾಗ ಎಡಗಡೆ.

ಆದರೆ ಎಷ್ಟೋ ಸಲ ಲೋಡ್ ಲಾರಿ ಬಲಗಡೆಯೇ ನಿಧಾನವಾಗಿ ಹೋಗ್ತಿರುತ್ತದೆ. ಆಗ ಕಾರಿನವರು ಎಡದಿಂದ ನುಗ್ಗುತ್ತಾರೆ. ನನಗೆ ಜಾಸ್ತಿ ಭಯ ಆಗುವುದು ಇಲ್ಲೇ. ಲಾರಿ ಡ್ರೈವರ್ ಕೂರುವುದು ಬಲಕ್ಕೆ, ಕ್ಯಾಬಿನ್ನಿನ ಎಡಕ್ಕೆ ಅಂಟಿಕೊಂಡ ಕಾರು ಅವರಿಗೆ ಕಾಣುವುದೇ ಇಲ್ಲ. ಹಾರ್ನ್ ಮಾಡಿ, ಲೈಟ್ ಮಿನುಗಿಸಿ, ಸ್ವಲ್ಪ ಕಾಯಿರಿ. ಎಡದಿಂದ ಹೋಗಲೇಬೇಕಾದರೆ ಪಕ್ಕದಲ್ಲೇ ಉಳಿಯದೆ ಬೇಗ ದಾಟಿಬಿಡಿ. 100 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಬ್ರೇಕ್ ಒತ್ತುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೀರಿ, ಅಲ್ವಾ?

ಬೈಕ್, ಸ್ಕೂಟರ್, ಆಟೋ, ಟ್ರ್ಯಾಕ್ಟರ್‌ಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲ. ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ರಾಮನಗರ, ಮಂಡ್ಯದ ಕಡೆ ಇಳಿಯುವವರು ಒಂದೆರಡು ಕಿಲೋಮೀಟರ್ ಮೊದಲೇ ಎಡಕ್ಕೆ ಬನ್ನಿ. ಎಕ್ಸಿಟ್ ತಪ್ಪಿದರೆ ದಯವಿಟ್ಟು ರಿವರ್ಸ್ ಹಾಕಬೇಡಿ, ಮುಂದಿನದರಲ್ಲಿ ಇಳಿಯಿರಿ.